ಆರು ತಂತಿಗಳ ಸಾಧಕ: ಫ್ರಾನ್ಸಿಸ್ಕೋ ತಾರೇಗ

ನೋಕಿಯಾ ಎಂಬ ಕೈಫೋನು ನಮ್ಮ ಜನರ ಅಂಗಿಯ ಜೇಬುಗಳಲ್ಲಿ ನೆಲೆಸಿದ್ದ ಕಾಲವನ್ನು ವಾಚಕರು ಮರೆತಿರಲಾರರು. 2003ರಲ್ಲಿ ಹೊರಬಂದ, ನೆತ್ತಿಯಲ್ಲಿ ಪುಟ್ಟ ದೀಪವಿದ್ದ 1100 ಎಂಬ ಮಾದರಿಯಂತೂ ಅಡಿಗೆಯ ಭಟ್ಟರಿಂದ ಮೊದಲ್ಗೊಂಡು ಕಚೇರಿಯ ಗುಮಾಸ್ತರವರೆಗೆ ಎಲ್ಲರ ಕೈಯಲ್ಲಿಯೂ ಇದ್ದಿತು. ಚೆನ್ನೈಗೆ ಸಮೀಪದ ಶ್ರೀಪೆರಂಬುದೂರಿನಲ್ಲಿ 2006ರಿಂದ 2014ರವರೆಗೆ ಆ ಕಂಪೆನಿಯ ಕಾರ್ಖಾನೆಯೇ ನಡೆಯುತ್ತಿದ್ದಿತು. ಆ ಫೋನು ಕೂಗುವಾಗ ಕೇಳಿಬರುತ್ತಿದ್ದ ಹದಿಮೂರು ಸ್ವರಗಳ ಕಿರುನಾದವು ನಮ್ಮ ಕಿವಿಯಲ್ಲಿ ಇಂದಿಗೂ ಉಳಿದಿರುವುದಷ್ಟೆ. ಅದು ಯಾವುದೋ ಕಾರ್ಖಾನೆಯ ಯಂತ್ರವು ಹುಟ್ಟಿಸಿದ ಸದ್ದೆಂದು ಬಹುಮಂದಿ ಭಾವಿಸಿದ್ದರು. ವಾಸ್ತವದಲ್ಲಿ ಅದು ಸ್ಪೇನ್ ದೇಶದ ಓರ್ವ ಗಿಟಾರ್ ವಾದಕನು 1902ರ ಸುಮಾರಿಗೆ ರಚಿಸಿದ ಗ್ರಾನ್ ವಾಲ್ಸ್ ಎಂಬ ಕೃತಿಯ ನಡುವಣ ನಾಲ್ಕು ಆವರ್ತಗಳು. ನೋಕಿಯಾದವರು ಅದನ್ನು ಮೊದಲು ಜಾಹೀರಾತಿನಲ್ಲಿ ಬಳಸಿ, 1994ರಲ್ಲಿ ತಮ್ಮ ಫೋನಿನೊಳಗೆ ಸೇರಿಸಿದರು. ರಚಿಸಿದಾತನು ಅದಕ್ಕೆ ಎಂಬತ್ತೈದು ವರ್ಷ ಮೊದಲೇ ತೀರಿಹೋಗಿದ್ದನು. ಕೋಟ್ಯಂತರ ಜನರು ದಿನಕ್ಕೆ ಹತ್ತಾರು ಸಲ ಆತನ ಸಂಗೀತವನ್ನು ಕೇಳಿದರು; ಆತನ ಹೆಸರನ್ನು ಕೇಳಿದವರು ಮಾತ್ರ ವಿರಳ. ಫ್ರಾನ್ಸಿಸ್ಕೋ ತಾರೇಗ ಎಂಬ ಆ ಮಹನೀಯನ ಜೀವನವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ತಾರೇಗನು ಜನಿಸಿದುದು 1852ನೆಯ ಇಸವಿ ನವೆಂಬರ್ 21ರಂದು, ಸ್ಪೇನಿನ ಪೂರ್ವ ಕರಾವಳಿಗೆ ಸಮೀಪದ ಕಾಸ್ತೆಯೋನ್ ಪ್ರಾಂತದ ವಿಯಾರಿಯಾಲ್ ಎಂಬ ಊರಿನಲ್ಲಿ. ತಂದೆಯು ಅಲ್ಲಿಯ ಸಂತ ಪಾಸ್ಕುವಾಲನ ಮಠದಲ್ಲಿ ಕಾವಲುಗಾರನಾಗಿದ್ದನು. ಬಡತನದ ಮನೆ, ಆದರೂ ಆ ಮನೆಯಲ್ಲಿ ಒಂದು ಗಿಟಾರ್ ಇದ್ದಿತು. ತಂದೆಯು ಬಿಡುವಿನ ವೇಳೆಯಲ್ಲಿ ನಾಡಹಾಡುಗಳನ್ನು ನುಡಿಸುವನು. ಆತನು ಕಾವಲಿಗೆ ಹೊರಟುಹೋದೊಡನೆ ಮಗನು ಗಿಟಾರನ್ನು ಕೆಳಗಿಳಿಸಿ, ಕೇಳಿದುದನ್ನು ತನ್ನ ಪುಟ್ಟ ಬೆರಳುಗಳಿಂದ ಹುಡುಕುವನು.

ಎಳವೆಯಲ್ಲಿಯೇ ಒಂದು ಆಪತ್ತು ಸಂಭವಿಸಿತು. ತನ್ನನ್ನು ನೋಡಿಕೊಳ್ಳುತ್ತಿದ್ದ ದಾದಿಯ ಕೈತಪ್ಪಿಸಿಕೊಂಡು ಓಡಿದ ಬಾಲಕನು ಹೊಲಕ್ಕೆ ನೀರು ಹಾಯಿಸುವ ಕಾಲುವೆಯೊಂದರಲ್ಲಿ ಬಿದ್ದನು. ಪ್ರಾಣವುಳಿಯಿತು, ಕಣ್ಣುಗಳಿಗೆ ಪೆಟ್ಟಾಯಿತು. ದೃಷ್ಟಿಯು ಪೂರ್ತಿಯಾಗಿ ಹೋಗಿಬಿಡಬಹುದೆಂಬ ಭಯ ತಂದೆಯನ್ನು ಹಿಡಿಯಿತು. ಮಠದ ಕಾವಲುಗಾರನ ಕುರುಡು ಮಗನಿಗೆ ಆ ಕಾಲದಲ್ಲಿ ಭಿಕ್ಷಾಟನೆಯಲ್ಲದೆ ಬೇರಾವ ದಾರಿಯಿದ್ದಿತು? ಆ ತಂದೆಯು ಅಳುತ್ತ ಕೂಡಲಿಲ್ಲ. ಕಣ್ಣಿಲ್ಲದಿದ್ದರೂ ಸಂಗೀತಗಾರನು ಅನ್ನ ಸಂಪಾದಿಸಬಲ್ಲನೆಂದು ಲೆಕ್ಕ ಹಾಕಿ, ಸಂಸಾರವನ್ನೇ ಕಿತ್ತುಕೊಂಡು ಕಾಸ್ತೆಯೋನ್ ಪಟ್ಟಣಕ್ಕೆ ಬಂದು, ಮಗನನ್ನು ಸಂಗೀತಪಾಠಕ್ಕೆ ಸೇರಿಸಿದನು. ಆತನಿಗೆ ದೊರೆತ ಮೊದಲ ಇಬ್ಬರು ಗುರುಗಳೂ, ಎಂದರೆ ಯೂಜೇನಿ ರೂಯಿಸ್ ಮತ್ತು ಮಾನುಯೆಲ್ ಗೊನ್ಸಾಲೆಸ್ ಎಂಬವರಿಬ್ಬರೂ, ಅಂಧರೇ ಆಗಿದ್ದರು. ಮಗನಿಗೆ ಬರಬಹುದಾದ ಕತ್ತಲೆಯಲ್ಲಿ ಬಾಳುವುದು ಹೇಗೆಂಬುದನ್ನು ಅದರಲ್ಲೇ ಬಾಳುತ್ತಿದ್ದವರಿಂದಲೇ ಕಲಿಸಿದಂತಾಯಿತು. ದೈವಕೃಪೆಯಿಂದ ಹುಡುಗನ ದೃಷ್ಟಿಯು ಮಂದವಾಯಿತಲ್ಲದೆ ನಂದಿಹೋಗಲಿಲ್ಲ. ಆದರೆ ಅಂದು ಹೊಟ್ಟೆಪಾಡಿಗೆಂದು ಹಿಡಿಸಿದ ವಿದ್ಯೆಯು ಆತನನ್ನು ಬಿಡಲಿಲ್ಲ.

1862ರಲ್ಲಿ ಹೂಲಿಯಾನ್ ಆರ್ಕಾಸ್ ಎಂಬ ಹೆಸರಾಂತ ಗಿಟಾರ್ ವಾದಕನು ಕಚೇರಿ ನಡೆಸುತ್ತ ಆ ಪ್ರಾಂತಕ್ಕೆ ಬಂದನು. ಹತ್ತು ವರ್ಷದ ಹುಡುಗನ ವಾದನವನ್ನು ಕೇಳಿ, ಅವನನ್ನು ಬಾರ್ಸಿಲೋನಾ ನಗರಕ್ಕೆ ಕಳುಹಿಸಿದರೆ ತಾನೇ ಕಲಿಸುವೆನೆಂದು ತಂದೆಗೆ ತಿಳಿಸಿದನು. ತಂದೆಯು ಒಪ್ಪಿದನು, ಆದರೆ ಹುಡುಗನು ಪಿಯಾನೋವನ್ನೂ ಕಲಿಯತಕ್ಕದ್ದೆಂದು ಕಟ್ಟುಮಾಡಿದನು. ಅದಕ್ಕೆ ಕಾರಣವುಂಟು. ಆ ಕಾಲದ ಸ್ಪೇನಿನಲ್ಲಿ ಗಿಟಾರ್ ಎಂದರೆ ಹೆಂಡದಂಗಡಿಯ ಮೂಲೆಯಲ್ಲಿ, ಕ್ಷೌರಿಕನ ಅಂಗಡಿಯ ಗೋಡೆಯ ಮೇಲೆ ತೂಗುವ ವಸ್ತು. ಹಾಡುವವನಿಗೆ ತಾಳ ಹಾಕಲು ಅದು ಸಾಕು, ಸಭೆಗೆ ಸಲ್ಲದು ಎಂಬ ಭಾವನೆ ನೆಲೆನಿಂತಿದ್ದಿತು. ಅದಕ್ಕೆ ಮುಂಚೆ ಫರ್ನಾಂದೋ ಸೋರ್, ದಿಯೋನೀಸಿಯೋ ಅಗ್ವಾದೋ ಮೊದಲಾದ ದೊಡ್ಡವರು ಗಿಟಾರಿಗೆ ಉತ್ತಮ ಕೃತಿಗಳನ್ನು ಬರೆದಿದ್ದರು ನಿಜ. ಆದರೆ ಅವರ ಕಾಲವು ಮುಗಿದು, ಶ್ರೀಮಂತರ ದಿವಾನಖಾನೆಗಳನ್ನೆಲ್ಲ ಪಿಯಾನೋ ಆಕ್ರಮಿಸಿಕೊಂಡಿದ್ದಿತು. ಪಿಯಾನೋದಿಂದ ಅನ್ನ, ಗಿಟಾರಿನಿಂದ ಬರಿಯ ಸಂತೋಷ ಎಂಬುದು ತಂದೆಯ ಲೆಕ್ಕಾಚಾರ.

ಬಾರ್ಸಿಲೋನಾದಲ್ಲಿ ನಡೆದುದೇ ಬೇರೆ. ಗುರುವಾದ ಆರ್ಕಾಸನು ಹೊರದೇಶಗಳ ಪ್ರವಾಸಕ್ಕೆ ಹೊರಟುಹೋದನು. ಹುಡುಗನಾದರೋ ತಾನಿದ್ದ ಮನೆಯಿಂದ ತಪ್ಪಿಸಿಕೊಂಡು, ನಗರದ ಕಾಫಿ ಅಂಗಡಿಗಳಲ್ಲಿಯೂ ಊಟದ ಮನೆಗಳಲ್ಲಿಯೂ ಗಿಟಾರ್ ನುಡಿಸಿ ಕಾಸು ಸಂಪಾದಿಸತೊಡಗಿದನು. ಸುದ್ದಿ ತಿಳಿದ ತಂದೆಯು ಹುಡುಕಿ ತಂದು ಮನೆಗೆ ಸೇರಿಸಿದನು. 1865ರಲ್ಲಿ ಪುನಃ ಓಡಿದನು. ಈ ಸಲ ವಾಲೆನ್ಸಿಯಾ ನಗರಕ್ಕೆ ಹೋಗಿ ಜಿಪ್ಸಿಗಳೆಂಬ ಅಲೆಮಾರಿಗಳ ಗುಂಪನ್ನು ಕೂಡಿಕೊಂಡನು. ತಂದೆಯು ಮತ್ತೊಮ್ಮೆ ಹುಡುಕಿ ತಂದನು. ಮೂರನೆಯ ಸಲವೂ ಓಡಿದನು, ಮತ್ತೆ ವಾಲೆನ್ಸಿಯಾಕ್ಕೇ.

ಹೋಟೆಲಿನ ಗಲ್ಲಾದ ಹಿಂದೆ ಹಲವು ವರ್ಷ ಕುಳಿತ ನಮಗೆ ಈ ಭಾಗವನ್ನು ಓದುವಾಗ ಪರಿಚಿತ ಮುಖಗಳೇ ಕಣ್ಣಮುಂದೆ ಬರುತ್ತವೆ. ಕುಂದಾಪುರ, ಕಾರ್ಕಳ, ಉಡುಪಿಯ ಕಡೆಗಳಿಂದ ಹೇಳದೆ ಕೇಳದೆ ಬಸ್ಸು ಹತ್ತಿ ಮುಂಬಯಿಗೆ ಬಂದಿಳಿದ ಮಾಣಿಗಳು ಎಷ್ಟು ಮಂದಿ! ಅವರನ್ನು ಹುಡುಕಿಕೊಂಡು ವಿಳಾಸದ ಚೀಟಿಯೊಂದನ್ನು ಕೈಯಲ್ಲಿ ಹಿಡಿದು ಬಂದ ತಂದೆಯರೆಷ್ಟು ಮಂದಿ! ಹುಡುಗನನ್ನು ಕರೆದೊಯ್ದ ತಂದೆಯುಂಟು, ರಾತ್ರಿಶಾಲೆಗೆ ಸೇರಿಸಿ ಬಿಟ್ಟುಹೋದ ತಂದೆಯೂ ಉಂಟು. ತಾರೇಗನ ಚರಿತ್ರೆಯನ್ನು ಬರೆದವರು ಮಗನ ಸಾಹಸವನ್ನು ರಂಜಕವಾಗಿ ವರ್ಣಿಸುವರು. ನಮ್ಮ ಮನಸ್ಸಾದರೋ, ಮಠದ ಕಾವಲಿನ ಕೆಲಸವಿದ್ದವನು ಎರಡೆರಡು ಸಲ ಪರಸ್ಥಳದ ಬೀದಿಗಳಲ್ಲಿ ಮಗನನ್ನು ಅರಸಿದ ಆ ತಂದೆಯ ಕಡೆಗೇ ಹೆಚ್ಚು ವಾಲುತ್ತದೆ.

ಹದಿಹರೆಯ ಮುಗಿಯುವ ಮುನ್ನವೇ ತಾರೇಗನು ಗಿಟಾರ್, ಪಿಯಾನೋ ಎರಡರಲ್ಲಿಯೂ ನಿಪುಣನಾದನು. ಬುರ್ರಿಯಾನಾ ಎಂಬ ಊರಿನ ವಿನೋದಗೃಹದಲ್ಲಿ ಪಿಯಾನೋ ನುಡಿಸುವ ಉದ್ಯೋಗವು ದೊರೆಯಿತು. ಅಲ್ಲಿ ಅಂತೋನಿಯೋ ಕಾನೆಸಾ ಎಂಬ ಶ್ರೀಮಂತ ವರ್ತಕನು ಆತನ ಪೋಷಕನಾಗಿ ನಿಂತನು. 1869ರಲ್ಲಿ ಆ ವರ್ತಕನು ತರುಣನನ್ನು ಸೆವಿಲ್ ನಗರಕ್ಕೆ ಕರೆದೊಯ್ದು, ಅಂತೋನಿಯೋ ದೆ ತೋರ್ರೆಸ್ ಎಂಬ ಕುಶಲಕರ್ಮಿಯ ಕೈಯಿಂದಾದ ಗಿಟಾರೊಂದನ್ನು ಕೊಡಿಸಿದನು. ಇಲ್ಲಿ ವಾಚಕರು ಸ್ವಲ್ಪ ನಿಲ್ಲಬೇಕು; ಏಕೆಂದರೆ ಈ ತೋರ್ರೆಸನಿಲ್ಲದೆ ತಾರೇಗನಿಲ್ಲ.

ತೋರ್ರೆಸನು ಮೂಲತಃ ಬಡಗಿ. ಹಳೆಯ ಗಿಟಾರುಗಳು ಚಿಕ್ಕವಾಗಿದ್ದು, ಅವುಗಳ ನಾದವು ತೆಳುವಾಗಿ ಕೋಣೆಯ ಆಚೆಗೆ ದಾಟುತ್ತಿರಲಿಲ್ಲ. ಈತನು ಬುರುಡೆಯನ್ನು ಅಗಲಗೊಳಿಸಿದನು. ಮೇಲ್ಗಡೆಯ ಹಲಗೆಯನ್ನು ತೆಳ್ಳಗೆ ತಟ್ಟಿ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಏಳು ಪಟ್ಟಿಗಳನ್ನು ಅಂಟಿಸಿದನು. ಇದರಿಂದ ಹಲಗೆಯು ಮುರಿಯದೆ, ಆದರೆ ಸ್ವತಂತ್ರವಾಗಿ ಕಂಪಿಸತೊಡಗಿತು. ನಾದದ ಮರ್ಮವೆಲ್ಲ ಆ ಮೇಲ್ಹಲಗೆಯಲ್ಲಿಯೇ ಇದೆಯೆಂದು ಸಿದ್ಧಪಡಿಸುವುದಕ್ಕಾಗಿ, 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದಲೇ ಮಾಡಿದ ಗಿಟಾರೊಂದನ್ನು ಕಟ್ಟಿ ತೋರಿಸಿದನು. ಇಂದು ಲೋಕದಲ್ಲಿ ನುಡಿಸುವ ಶಾಸ್ತ್ರೀಯ ಗಿಟಾರುಗಳೆಲ್ಲ ಬಹುಮಟ್ಟಿಗೆ ಈತನ ಅಳತೆಯನ್ನೇ ಅನುಸರಿಸುತ್ತವೆ. ಇಷ್ಟಾಗಿಯೂ ಆ ಕಸುಬಿನಿಂದ ಹೊಟ್ಟೆ ತುಂಬದೆ, 1870ರ ಸುಮಾರಿಗೆ ಅದನ್ನು ಬಿಟ್ಟು, ತನ್ನ ಊರಾದ ಅಲ್ಮೇರಿಯಾದಲ್ಲಿ ಪಿಂಗಾಣಿಯ ಅಂಗಡಿಯನ್ನು ತೆರೆದನು. ಕೆಲವು ವರ್ಷಗಳ ಬಳಿಕ ತಡೆಯಲಾರದೆ ಪುನಃ ಉಳಿಯನ್ನು ಕೈಗೆತ್ತಿಕೊಂಡನು. ತಾರೇಗನಿಗೆ ಮೊದಲು ಸಾಧಾರಣವಾದೊಂದು ಗಿಟಾರನ್ನು ತೋರಿಸಿ, ವಾದನವನ್ನು ಕೇಳಿದ ಮೇಲೆ, ತನಗಾಗಿಯೇ ಇರಿಸಿಕೊಂಡಿದ್ದ ವಾದ್ಯವನ್ನು ಒಳಗಿನಿಂದ ತಂದುಕೊಟ್ಟನೆಂದು ಹೇಳುವರು. 1864ರಲ್ಲಿ ಕಟ್ಟಿದ ಆ ಗಿಟಾರ್ ತಾರೇಗನ ಬಳಿ ಬಹುಕಾಲ ಉಳಿಯಿತು.

ಅದನ್ನು ಹಿಡಿದುಕೊಂಡು ತಾರೇಗನು 1874ರಲ್ಲಿ ಮ್ಯಾಡ್ರಿಡ್ಡಿನ ಸಂಗೀತ ವಿದ್ಯಾಲಯಕ್ಕೆ ಪ್ರವೇಶಿಸಿ, ಎಮಿಲಿಯೋ ಅರ್ರಿಯೇತಾ ಎಂಬ ರಚನಕಾರನಲ್ಲಿ ಪಾಠ ಹೇಳಿಸಿಕೊಂಡನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ನುಡಿಸಿದನು. ಲಂಡನ್ನಿಗೂ ಹೋದನು, ಆದರೆ ಅಲ್ಲಿಯ ಭಾಷೆಯೂ ಹಿಡಿಸಲಿಲ್ಲ, ಮಂಜು ಮುಸುಕಿದ ಹವೆಯೂ ಹಿಡಿಸಲಿಲ್ಲ. ಮನೆಯ ನೆನಪಿನಿಂದ ಕುಗ್ಗಿದ್ದ ಆತನು, ಆ ದುಃಖವನ್ನೇ ಸಂಗೀತವಾಗಿಸುವಂತೆ ಗೆಳೆಯರು ಪ್ರೇರಿಸಲು, ಲಾಗ್ರಿಮಾ, ಎಂದರೆ ಕಣ್ಣೀರು, ಎಂಬ ಕಿರುಕೃತಿಯನ್ನು ರಚಿಸಿದನೆಂಬ ಐತಿಹ್ಯವುಂಟು. ಎರಡು ನಿಮಿಷದ ಈ ಕೃತಿಯನ್ನು ಹೊಸದಾಗಿ ಕಲಿಯುವ ಮಕ್ಕಳೂ ನುಡಿಸಬಲ್ಲರು. ಅದರ ಮೊದಲ ಭಾಗವು ತಿಳಿಯಾಗಿದೆ, ನಡುವಣ ಭಾಗದಲ್ಲಿ ಒಮ್ಮೆಲೆ ಮೋಡ ಕವಿಯುತ್ತದೆ, ಅನಂತರ ಮೊದಲಿನದೇ ಮತ್ತೆ ಬರುತ್ತದೆ. ಭಾಷೆ ತಿಳಿಯದ ಊರಿನಲ್ಲಿ ಮೊದಲ ತಿಂಗಳನ್ನು ಕಳೆದ ಯಾರಿಗೂ ಇದಕ್ಕೆ ಅರ್ಥವನ್ನು ಹೇಳಬೇಕಾಗಿಲ್ಲ. 1882ರಲ್ಲಿ ಆತನು ಮರಿಯಾ ಹೋಸೆ ರೀಸೋ ಎಂಬವಳನ್ನು ವರಿಸಿದನು. 1885ರಲ್ಲಿ ಬಾರ್ಸಿಲೋನಾದಲ್ಲಿ ನೆಲೆಸಿದನು. ಬಾಲ್ಯದಲ್ಲಿ ಕಾಫಿ ಅಂಗಡಿಗಳಲ್ಲಿ ನುಡಿಸುತ್ತ ಅಲೆದ ನಗರವೇ ಆತನ ಶಾಶ್ವತ ನೆಲೆಯಾಯಿತು.

ತಾರೇಗನು ಮಾಡಿದ ಕಾರ್ಯದ ಹಿರಿಮೆಯನ್ನು ತಿಳಿಯಬೇಕಾದರೆ ಗಿಟಾರಿನ ಗುಣದೋಷಗಳನ್ನು ತಿಳಿಯಬೇಕು. ನಮ್ಮ ವೀಣೆಯಂತೆಯೇ ಗಿಟಾರಿಗೂ ಮೆಟ್ಟಿಲುಗಳುಂಟು, ಮೀಟಿ ನುಡಿಸುವ ತಂತಿಗಳುಂಟು. ವೀಣೆಯಲ್ಲಿ ತಂತಿಯನ್ನೆಳೆದು ಗಮಕವನ್ನು ಹೊರಡಿಸಬಹುದು. ಗಿಟಾರಿನಲ್ಲಿ ಅದಕ್ಕೆ ಅವಕಾಶ ಕಡಿಮೆ. ಅದರ ಬದಲು ಎರಡು ಮೂರು ಸ್ವರಗಳನ್ನು ಏಕಕಾಲದಲ್ಲಿ ನುಡಿಸಿ, ಒಬ್ಬನೇ ಕುಳಿತು ಇಬ್ಬರು ಮೂವರು ಹಾಡಿದಂತೆ ಕೇಳಿಸಬಹುದು. ಆದರೆ ಮೀಟಿದ ಸ್ವರವು ಬೇಗನೆ ಸಾಯುತ್ತದೆ. ಪಿಟೀಲಿನಂತೆ ಎಳೆದು ನಿಲ್ಲಿಸುವಂತಿಲ್ಲ. ತಾರೇಗನ ಕಾಲದಲ್ಲಿ ತಂತಿಗಳು ಕುರಿಯ ಕರುಳಿನವು. ನೈಲಾನ್ ತಂತಿಯು ಬಂದುದು ಎರಡನೆಯ ಮಹಾಯುದ್ಧದ ಬಳಿಕ. ಸಾಯುವ ಸ್ವರವನ್ನು ಬದುಕಿಸುವ ಉಪಾಯವನ್ನು ತಾರೇಗನ ಅತಿ ಪ್ರಸಿದ್ಧ ಕೃತಿಯಲ್ಲಿ ನಾವು ಕೇಳುತ್ತೇವೆ.

ಅಲ್ಹಾಂಬ್ರದ ನೆನಪುಗಳು ಎಂಬುದು ಆ ಕೃತಿಯ ಹೆಸರು. ಅಲ್ಹಾಂಬ್ರವೆಂಬುದು ಗ್ರಾನಾದಾ ನಗರದ ಗುಡ್ಡದ ಮೇಲೆ ಮುಸಲ್ಮಾನ ಸುಲ್ತಾನರು ಕಟ್ಟಿಸಿದ ಅರಮನೆ. 1492ರಲ್ಲಿ ಅದು ಕ್ರೈಸ್ತ ರಾಜರ ವಶವಾಯಿತು. ಅಂಗಳ ಅಂಗಳಕ್ಕೂ ಕಾರಂಜಿ, ಕೊಳ, ಕಲ್ಲಿನ ಕಾಲುವೆ. ಎಲ್ಲಿ ನಿಂತರೂ ನೀರಿನ ಸದ್ದು. ತಾರೇಗನು ಗ್ರಾನಾದಾಕ್ಕೆ ಹೋಗಿಬಂದ ಬಳಿಕ, 1890ರ ದಶಕದ ಕೊನೆಯಲ್ಲಿ ಈ ಕೃತಿಯು ಹೊರಬಂದಿತು. ಇದರಲ್ಲಿ ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಒಂದೊಂದೇ ಸ್ವರವನ್ನು ಮೀಟುತ್ತ ಮೇಲಕ್ಕೂ ಕೆಳಕ್ಕೂ ನಡೆದಾಡುತ್ತದೆ. ಹೆಬ್ಬೆರಳಿನ ಒಂದೊಂದು ಮೀಟಿಗೂ ಉಂಗುರ ಬೆರಳು, ನಡು ಬೆರಳು, ತೋರು ಬೆರಳು ಮೂರೂ ಒಂದರ ಹಿಂದೊಂದು ಒಂದೇ ತಂತಿಯನ್ನು ಅದೇ ಸ್ವರಕ್ಕೆ ಮೀಟುತ್ತವೆ. ಈ ಮೀಟುಗಳು ಎಷ್ಟು ಶೀಘ್ರವಾಗಿ, ಎಷ್ಟು ಸಮನಾಗಿ ಬರಬೇಕೆಂದರೆ, ಕೇಳುವವನಿಗೆ ಬಿಡಿ ಮೀಟುಗಳು ತೋರದೆ ಮುರಿಯದ ಒಂದೇ ಎಳೆಯು ನಡುಗುತ್ತ ಹರಿದಂತೆ ಭಾಸವಾಗಬೇಕು. ವೈಣಿಕರು ರಾಗವನ್ನು ನುಡಿಸುತ್ತಲೇ ಕಿರುಬೆರಳಿನಿಂದ ತಾಳದ ತಂತಿಗಳನ್ನು ಮೀಟುವುದನ್ನು ಬಲ್ಲ ನಮ್ಮವರಿಗೆ, ಒಂದೇ ಕೈಗೆ ಎರಡು ಕೆಲಸವನ್ನು ವಹಿಸುವ ಈ ಕಷ್ಟವು ಅರ್ಥವಾದೀತು. ಕೃತಿಯ ಮೊದಲರ್ಧವು ವಿಷಾದದ ಛಾಯೆಯಲ್ಲಿ ಸಾಗಿ, ಉತ್ತರಾರ್ಧದಲ್ಲಿ ಅದೇ ಆಧಾರ ಸ್ವರದ ಮೇಲೆ ಪ್ರಸನ್ನವಾದ ಛಾಯೆಗೆ ತಿರುಗುತ್ತದೆ. ಆ ತಿರುವಿನ ಕ್ಷಣಕ್ಕಾಗಿಯೇ ನಾವು ಇದನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಗಿಟಾರನ್ನು ಹೆಂಡದಂಗಡಿಯ ವಾದ್ಯವೆಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಸ್ವಂತ ಕೃತಿಗಳಲ್ಲದೆ ಬಾಖ್, ಬೀಥೋವೆನ್, ಶೋಪಾನ್ ಮೊದಲಾದವರು ಇತರ ವಾದ್ಯಗಳಿಗೆ ಬರೆದುದನ್ನು ತಾರೇಗನು ಗಿಟಾರಿಗೆ ಅಳವಡಿಸಿದನು. ಇಂತಹವು ನೂರಕ್ಕೂ ಮಿಗಿಲಾಗಿವೆ. ಪಿಯಾನೋ ವಾದಕನಾದ ಗೆಳೆಯ ಆಲ್ಬೆನಿಸನ ಕೃತಿಗಳನ್ನೂ ಹಾಗೆಯೇ ಗಿಟಾರಿಗೆ ತಂದನು. ತಂದೆಯು ಹಟದಿಂದ ಕಲಿಸಿದ ಪಿಯಾನೋ ಇಲ್ಲಿ ಪ್ರಯೋಜನಕ್ಕೆ ಬಂದಿತು. ಗಿಟಾರನ್ನು ಎಡತೊಡೆಯ ಮೇಲಿರಿಸಿಕೊಂಡು ಎಡಗಾಲನ್ನು ಪುಟ್ಟ ಮಣೆಯ ಮೇಲಿಡುವ ಕ್ರಮವು ರೂಢಿಗೆ ಬಂದುದೂ ಆತನಿಂದಲೇ. ಸಾವಿರಾರು ಜನರ ಸಭೆಗಿಂತ ಹತ್ತು ಮಂದಿ ಗೆಳೆಯರ ಕೋಣೆಯು ಆತನಿಗೆ ಪ್ರಿಯವಾಗಿದ್ದಿತು. ಸುಮಾರು 1902ರಲ್ಲಿ ಬಲಗೈಯ ಉಗುರುಗಳನ್ನು ಕತ್ತರಿಸಿ, ಬರಿಯ ಬೆರಳ ತುದಿಯಿಂದಲೇ ಮೀಟತೊಡಗಿದನು. ಇದರಿಂದ ನಾದವು ಕುಗ್ಗಿತು, ಆದರೆ ಮೃದುವಾಯಿತು. ಹೆಚ್ಚು ಜನರಿಗೆ ಕೇಳಿಸಬೇಕೆಂಬ ಆಸೆಯಿದ್ದವರಾರೂ ಮಾಡದ ಕೆಲಸವಿದು. ಶಿಷ್ಯರಲ್ಲಿಯೇ ಎಲ್ಲರೂ ಇದನ್ನು ಅನುಸರಿಸಲಿಲ್ಲ. ಉಗುರು ಲೇಸೋ ಬೆರಳ ತುದಿ ಲೇಸೋ ಎಂಬ ಚರ್ಚೆಯು ಆಮೇಲೂ ಬಹುಕಾಲ ನಡೆಯಿತು.

ಕೇಳಬಯಸುವ ವಾಚಕರಿಗೆ ನಮ್ಮದೊಂದು ಸಲಹೆಯುಂಟು. ಮೊದಲಿಗೇ ಅಲ್ಹಾಂಬ್ರಕ್ಕೆ ಹೋಗಬಾರದು. ಲಾಗ್ರಿಮಾ ಮತ್ತು ಅದೆಲೀತಾ ಎಂಬ ಎರಡು ಕಿರುಕೃತಿಗಳಿಂದ ಆರಂಭಿಸಬೇಕು. ಎರಡೂ ಸೇರಿ ಒಂದು ಕಪ್ಪು ಚಹ ಕುಡಿಯುವಷ್ಟು ಹೊತ್ತು. ಅನಂತರ ಕಾಪ್ರಿಚೋ ಅರಾಬೆ, ಎಂದರೆ ಅರಬ್ಬೀ ಛಾಯೆಯ ಸ್ವೈರಕೃತಿ. ಅದರ ಆರಂಭದಲ್ಲಿ ಸ್ವರಗಳು ಆಲಾಪನೆಯಂತೆ ತಾಳದ ಹಂಗಿಲ್ಲದೆ ಇಳಿದುಬರುವುದು ನಮ್ಮ ಕಿವಿಗೆ ಕೂಡಲೇ ಒಗ್ಗುತ್ತದೆ. ಬಳಿಕ ಅಲ್ಹಾಂಬ್ರ. ಗ್ರಾನ್ ವಾಲ್ಸ್ ಕೊನೆಗಿರಲಿ. ಪರಿಚಿತವಾದ ಆ ನಾಲ್ಕು ಆವರ್ತಗಳು ಬಂದಾಗ ಕೈ ತಾನಾಗಿ ಜೇಬಿಗೆ ಹೋದರೆ ನಗಬಹುದು. ಆಂದ್ರೆಸ್ ಸೆಗೋವಿಯ, ನಾರ್ಸಿಸೋ ಯೇಪೆಸ್, ಜಾನ್ ವಿಲಿಯಮ್ಸ್ ಇವರು ನುಡಿಸಿದ ಮುದ್ರಿಕೆಗಳು ಈಗ ಕೈಫೋನಿನಲ್ಲಿಯೇ ಸಿಗುತ್ತವೆ. ರಾತ್ರಿ ಹೋಟೆಲಿನ ಬಾಗಿಲು ಹಾಕಿ, ಪಾತ್ರೆಗಳ ಸದ್ದಡಗಿದ ಮೇಲೆ ಕೇಳಬೇಕು. ಇದು ಹಿತಮಿತ ನುಡಿಯವನ ಸಂಗೀತ. ಗದ್ದಲದ ಮೇಲೆ ಕೂಗಿ ಹೇಳುವುದಲ್ಲ.

1906ರ ಜನವರಿಯಲ್ಲಿ ತಾರೇಗನಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗವು ಸ್ವಾಧೀನ ತಪ್ಪಿತು. ಎಡಗೈ ಮೆಟ್ಟಿಲುಗಳ ಮೇಲೆ ಸ್ವರಸ್ಥಾನವನ್ನು ಒತ್ತಬಲ್ಲದು. ಆದರೆ ತಂತಿಯನ್ನು ಮೀಟಿ ನಾದವನ್ನು ಹುಟ್ಟಿಸತಕ್ಕ ಕೈ ಬಲಗೈಯೇ ಅಲ್ಲವೇ? ಅಲ್ಹಾಂಬ್ರದ ನೀರಿನ ಎಳೆಯನ್ನು ನೆಯ್ದ ಬೆರಳುಗಳು ಬಾಗದೆ ಹೋದುವು. ಆಗ ಆತನ ವಯಸ್ಸು ಐವತ್ತಮೂರು. ಹತ್ತು ವರ್ಷದ ಬಾಲಕನು ಮಾಡುವ ಅಭ್ಯಾಸವನ್ನು ಮೊದಲಿನಿಂದ ಆರಂಭಿಸಿ, ಬೆರಳುಗಳಿಗೆ ಪುನಃ ಕಲಿಸತೊಡಗಿದನು. ಸಭೆಯ ಮುಂದೆ ಮತ್ತೆ ಕುಳಿತನು ಕೂಡ. ಹಳೆಯ ಸಾಮರ್ಥ್ಯವು ಮಾತ್ರ ಪೂರ್ಣವಾಗಿ ಮರಳಲಿಲ್ಲ. ನುಡಿಸಲಾಗದಿದ್ದಾಗ ಪಾಠ ಹೇಳಿದನು, ಬರೆದನು. ಮಿಗೆಲ್ ಯೊಬೆತ್, ಎಮಿಲಿಯೋ ಪೂಹೋಲ್ ಮೊದಲಾದ ಶಿಷ್ಯರು ಆತನ ವಿದ್ಯೆಯನ್ನು ದೇಶದೇಶಗಳಿಗೆ ಒಯ್ದರು. ತಾರೇಗನು ಪಠ್ಯಪುಸ್ತಕವೊಂದನ್ನೂ ಬರೆದಿಡಲಿಲ್ಲ. ಗುರುವಿನ ಕ್ರಮವನ್ನೆಲ್ಲ ನೆನಪಿನಿಂದ ಹೊರತೆಗೆದು ಹಲವು ಸಂಪುಟಗಳಲ್ಲಿ ಬರೆದವನು ಪೂಹೋಲನೇ. ಗಿಟಾರನ್ನು ಜಗತ್ತಿನ ದೊಡ್ಡ ಸಭಾಂಗಣಗಳಿಗೆ ಏರಿಸಿದ ಸೆಗೋವಿಯನು ತಾರೇಗನ ಶಿಷ್ಯನಲ್ಲ. ಗುರುವು ತೀರಿಕೊಂಡಾಗ ಆತನು ಇನ್ನೂ ಹದಿನಾರರ ಹುಡುಗ. ಯೊಬೆತನ ಮೂಲಕ ತಾರೇಗನ ಪಾಠವು ಅವನಿಗೆ ತಲುಪಿತು.

1909ರ ಡಿಸೆಂಬರ್ 2ರಂದು ತಾರೇಗನು ಓರೆಮುಸ್ ಎಂಬ ಪುಟ್ಟ ಕೃತಿಯೊಂದನ್ನು ಬರೆದು ಮುಗಿಸಿದನು. ಪ್ರಾರ್ಥಿಸೋಣ ಎಂದು ಆ ಲ್ಯಾಟಿನ್ ಪದಕ್ಕೆ ಅರ್ಥ. ನುಡಿಸಿದರೆ ಒಂದೆರಡು ನಿಮಿಷಕ್ಕಿಂತ ಹೆಚ್ಚಿಲ್ಲ. ಅದಾದ ಹದಿಮೂರನೆಯ ದಿನ, ಡಿಸೆಂಬರ್ 15ರಂದು, ಬಾರ್ಸಿಲೋನಾದಲ್ಲಿ ದೇಹವಿಟ್ಟನು. ಅಲ್ಲಿಯೇ ಸಮಾಧಿಯಾಯಿತು. 1915ರಲ್ಲಿ ಆತನ ಅವಶೇಷಗಳನ್ನು ಅಲ್ಲಿಂದ ತೆಗೆದು, ಕಣ್ಣು ಹೋಗಬಹುದಾದ ಮಗನನ್ನು ಒಬ್ಬ ಕಾವಲುಗಾರನು ಸಂಗೀತಪಾಠಕ್ಕೆಂದು ಕರೆತಂದಿದ್ದ ಕಾಸ್ತೆಯೋನ್ ಪಟ್ಟಣಕ್ಕೆ ಒಯ್ದು ಮಣ್ಣುಮಾಡಿದರು.